ಎರಡು ಕಣ್ಣು, ಎರಡು ಹಳದಿ

ಪತ್ತಾರ ಕಾಕಾ ತೀರಿಕೊಂಡ ದಿನ ನಾನು ಅಂಗಡಿ ಮುಚ್ಚಲಿಲ್ಲ. ಸುದ್ದಿ ಬಂದಾಗ ಶಿಗ್ಗಾಂವಿ ಕಡೆಯ ಒಂದು ಮನೆಯವರಿಗೆ ಲಗ್ನದ ಸೀರೆ ತೋರಿಸುತ್ತಿದ್ದೆ. ಎದುರಿನ ಹಣ್ಣಿನಂಗಡಿಯವನು ಬಾಗಿಲಲ್ಲಿ ನಿಂತು, "ಅಕ್ಕಾರ, ಕಾಕಾ ಹ್ವಾದ್ರಂತ," ಅಂದ. "ಹೌದೇನು," ಅಂದೆ. ಕೈಯಲ್ಲಿದ್ದ ಇಳಕಲ್ಲ ಸೀರೆಯ ಸೆರಗು ಬಿಚ್ಚಿ ತೋರಿಸಿದೆ, ಮಡಚಿದೆ, ಇನ್ನೊಂದನ್ನು ಬಿಚ್ಚಿದೆ. ಆ ಮನೆಯವರು ಆರಿಸಿ ಕಟ್ಟಿಸಿಕೊಂಡು ಹೋದ ಮೇಲೆ ಕಾಕಾರ ಮನೆಯ ಕಡೆ ಹೊರಟೆ. ದಾರಿಯಲ್ಲಿ ಅಳು ಬರಬಹುದು ಅಂದುಕೊಂಡಿದ್ದೆ. ಬರಲಿಲ್ಲ. ಅವರ ಮನೆಯ ಮುಂದೆಯೂ ಬರಲಿಲ್ಲ. ಒಳಗೆ ಹೆಂಗಸರು ಅಳುತ್ತಿದ್ದರು. ನಾನು ಕುರ್ಚಿ ಎಷ್ಟು ಬೇಕು, ಪೆಂಡಾಲಿನವನಿಗೆ ಯಾರು ಹೇಳಿದ್ದಾರೆ ಎಂದು ವಿಚಾರಿಸುತ್ತ ಅಡ್ಡಾಡಿದೆ. ಯಾರಿಗಾದರೂ ಹೀಗಾದರೆ ನಾನು ಹೇಳುವುದು ಇಷ್ಟೇ: ಅಳು ಬಾರದಿದ್ದರೆ ಅದರ ಬೆನ್ನು ಹತ್ತಬೇಡಿ. ಕೈಗೆ ಒಂದು ಕೆಲಸ ಕೊಡಿ.

ನಾನು ಚೌಕಾಸಿಯಿಂದ ಬೆಳೆದವಳು. ಇಪ್ಪತ್ತೆರಡನೆಯ ವಯಸ್ಸಿಗೆ ಸೀರೆಯ ಗಂಟು ಹೊತ್ತುಕೊಂಡು ಸವಣೂರು, ಹುಲಗೂರು, ಗೊಟಗೋಡಿ ಅಂತ ಮನೆಮನೆ ತಿರುಗಿದೆ. ಈಗ ಹಾನಗಲ್ಲಿನ ಪೇಟೆಯಲ್ಲಿ ನನ್ನದೇ ಅಂಗಡಿ ಇದೆ. ಲಗ್ನದ ಮನೆಯವರು ಪಾತ್ರೆ ಕೊಳ್ಳಲಿ, ಮಂಚ ಕೊಳ್ಳಲಿ, ಬಂಗಾರ ಕೊಳ್ಳಲಿ, ನನ್ನನ್ನು ಕರೆದುಕೊಂಡು ಹೋಗುತ್ತಾರೆ. ನನ್ನ ಮೇಲಿನ ಪ್ರೀತಿಗಲ್ಲ, ನನ್ನ ನಾಲಿಗೆಗಾಗಿ. ಬಂಗಾರವಾದರೆ ನಾನು ಎಲ್ಲರನ್ನೂ ಕರೆದುಕೊಂಡು ಹೋಗುತ್ತಿದ್ದುದು ಕಾಕಾರ ಹತ್ತಿರ. ನಮ್ಮ ಕಡೆ ಬಂಗಾರದ ಕೆಲಸದವರನ್ನು ಪತ್ತಾರರು ಅನ್ನುತ್ತೇವೆ. ಇವರು ಪೇಟೆಗೆಲ್ಲ ಪತ್ತಾರ ಕಾಕಾ.

ಮೊದಲ ಸಲ ಹೋದಾಗ ಮಜೂರಿಯ ಮೇಲೆ ಗಂಟೆಗಟ್ಟಲೆ ಎಳೆದಾಡಿದೆ. ಕಾಕಾ ಸಿಟ್ಟಾಗಲಿಲ್ಲ. ಕೊನೆಗೆ ನೀರಿನ ತಂಬಿಗೆ ಮುಂದೆ ಸರಿಸಿ, "ಬಾಯಿ ಒಣಗೇತಿ, ಕುಡಿ ತಂಗಿ. ಮಜೂರಿ ಬೇಕಾದ್ರ ಬಿಡ್ತೇನಿ. ಆದ್ರ ಕಲ್ಲು ಏನ ಹೇಳ್ತೈತಿ ಅದನ್ನ ಬಿಡೂದಿಲ್ಲ. ಕಲ್ಲಿನ ಕೂಡ ಚೌಕಾಸಿ ನಡಿಯೂದಿಲ್ಲ," ಅಂದರು. ಆ ದಿನದಿಂದ ಆ ಮನುಷ್ಯನ ಹತ್ತಿರ ನಾನು ಬಾಯಿ ಮಾಡಲಿಲ್ಲ. ವ್ಯಾಪಾರದಲ್ಲಿ ಇದೊಂದನ್ನು ಕಲಿಯಬೇಕು: ಯಾರ ಹತ್ತಿರ ಚೌಕಾಸಿ ಮಾಡಬಾರದು ಅನ್ನುವುದನ್ನು.

ಕುಳ್ಳನೆಯ ಆಳು. ಐವತ್ತು ವರ್ಷ ಊದುಗೊಳವೆ ಊದಿ ಊದಿ ಎರಡೂ ಕೆನ್ನೆ ಖಾಲಿ ಚೀಲದ ಹಾಗೆ ಜೋತಿದ್ದವು. ಮಾತಾಡುವಾಗಲೂ ಕೆಂಡಕ್ಕೆ ಗಾಳಿ ಬಿಡುವವರಂತೆ ತುಟಿ ಮುಂದೆ ಚಾಚುತ್ತಿದ್ದರು. ಗಿರಾಕಿ ಎದ್ದು ಹೊರಟರೆ, "ಕೈ ಝಾಡಿಸಿ ಹೋಗ್ರಿ," ಅನ್ನುವರು. ಅಂಗೈಗೆ ಅಂಟಿದ ಬಂಗಾರದ ಧೂಳು ಕೆಳಗಿನ ತಾಟಿಗೆ ಬೀಳಲಿ ಎಂದು. ಒಮ್ಮೆ ಒಬ್ಬ ಪೊಲೀಸಪ್ಪನಿಗೂ ಹಾಗೇ ಹೇಳಿಬಿಟ್ಟರು. ಅವನು, "ನಾ ಕೈ ಹಾಕೇ ಇಲ್ಲಲ್ಲೋ ಮುದುಕಾ," ಅಂದ. "ರೂಢಿ ಐತ್ರಿ ಸಾಹೇಬ್ರ, ಎಲ್ಲಾರಿಗೂ ಅಂತೇನಿ," ಅಂದರು ಕಾಕಾ, ಮುಖ ಎತ್ತದೆ.

ಅವರ ಕೆಲಸದ ಒಂದು ರೀತಿಯನ್ನು ಇಲ್ಲಿ ಹೇಳಲೇಬೇಕು, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಗಿರಾಕಿಯ ಬಂಗಾರವನ್ನು ಕರಿಯ ಒರೆಗಲ್ಲಿಗೆ ತಿಕ್ಕಿ ಒಂದು ಗೆರೆ ಎಳೆಯುವರು. ಅದರ ಪಕ್ಕಕ್ಕೆ, ಅಂಟಿಯೇ ಇದೆಯೇನೋ ಅನ್ನುವಷ್ಟು ಸಮೀಪ, ತಮಗೆ ಗೊತ್ತಿರುವ ಬಂಗಾರದ ಕಡ್ಡಿಯಿಂದ ಇನ್ನೊಂದು ಗೆರೆ. ಎರಡರ ಬಣ್ಣ ಒಂದೇ ಇದ್ದರೆ ಬಂಗಾರ ಸರಿ. ಬೇರೆಯಾದರೆ ಬೇರೆ ಕಡ್ಡಿ, ಮತ್ತೊಂದು ಗೆರೆ. ಇದಕ್ಕೆ ಅವರು ಜೋಡಗೆರೆ ಅನ್ನುತ್ತಿದ್ದರು. "ಒಂದ ಗೆರಿ ನೋಡಿ ಹೇಳಾಂವ ಪತ್ತಾರ ಅಲ್ಲ, ಜ್ಯೋತಿಷಿ," ಎಂದು ಅವರಪ್ಪ ಹೇಳುತ್ತಿದ್ದರಂತೆ.

ಒಂದು ಮಧ್ಯಾಹ್ನ ಶಿಗ್ಗಾಂವಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ಮೇಡಂ ಒಬ್ಬರು ಮುರಿದ ಜುಮಕಿ ಬೆಸೆಯಿಸಲು ಬಂದಿದ್ದರು. ನಾನೂ ಅಲ್ಲೇ ಕೂತಿದ್ದೆ. ಕಾಕಾ ಕೆಂಡ ಕೆದರುತ್ತ ಕೇಳಿದರು:

"ಮೇಡಂ, ಒಂದ ಮಾತು. ಬೆಳ್ಳಿ ಬೆಳ್ಳಗ, ತವರ ಬೆಳ್ಳಗ, ಉಕ್ಕ ಬೆಳ್ಳಗ. ತಾಮ್ರದ್ದು ಬಿಡ್ರಿ. ಈ ಬಂಗಾರ ಒಂದ ಯಾಕ್ರಿ ಹಳದಿ? ಸಣ್ಣಾಂವಿದ್ದಾಗ ನಮ್ಮಪ್ಪನ್ನ ಕೇಳಿದ್ದೆ. 'ಅದು ದೇವರ ಬಣ್ಣ, ಬಾಯಿ ಮುಚ್ಕೊಂಡು ಊದು' ಅಂದ."

"ಬಾಯಿ ಮುಚ್ಕೊಂಡು ಹೆಂಗ ಊದತಾರ್ರಿ ಕಾಕಾ?" ಮೇಡಂ ನಕ್ಕರು. ಆಮೇಲೆ, "ಅದಕ್ಕ ಸಾಪೇಕ್ಷತಾ ಸಿದ್ಧಾಂತ ಕಾರಣರಿ," ಅಂದರು.

ಕೂದಲು ಕೆದರಿದ ಆ ಜರ್ಮನಿಯ ವಿಜ್ಞಾನಿಯ ಫೋಟೋ ನಾನೂ ನೋಡಿದ್ದೆ, ಮಕ್ಕಳ ನೋಟಬುಕ್ಕಿನ ರಟ್ಟಿನ ಮೇಲೆ. ಅವನಿಗೂ ಬಂಗಾರಕ್ಕೂ ಏನು ಸಂಬಂಧ ಅಂದುಕೊಂಡೆ. ಮೇಡಂ ತಾಳ್ಮೆಯಿಂದ ಹೇಳಿದರು: "ಬಂಗಾರದ ಪರಮಾಣು ಭಾಳ ಭಾರರಿ. ನಡುವಿನ ಎಳೆತ ಜೋರು. ಆ ಎಳೆತಕ್ಕ ಒಳಗಿನ ಎಲೆಕ್ಟ್ರಾನು ಬೆಳಕಿನ ವೇಗದ ಅರ್ಧಕ್ಕಿಂತ ಹೆಚ್ಚು ಓಡತಾವ. ಅಷ್ಟು ಜೋರು ಓಡೂ ವಸ್ತು ಭಾರ ಆಗತೈತಿ, ನಡುವಿಗೆ ಸರೀತೈತಿ. ಅದರಿಂದ ಹೊರಗಿನ ಎಲೆಕ್ಟ್ರಾನುಗಳ ಜಾಗಾನೂ ಹೆಚ್ಚುಕಡಿಮಿ ಆಗಿ, ಬಂಗಾರ ನೀಲಿ ಬೆಳಕನ್ನ ನುಂಗಿಬಿಡ್ತೈತಿ. ನೀಲಿ ಹೋದ ಮ್ಯಾಲೆ ಉಳಿದದ್ದು ನಮ್ಮ ಕಣ್ಣಿಗೆ ಹಳದಿ."

"ಆ ಓಟ ಇರಲಿಲ್ಲಂದ್ರ?"

"ಬಂಗಾರನೂ ಬೆಳ್ಳಿ ಹಂಗ ಬೆಳ್ಳಗ ಕಾಣತಿತ್ತು. ಪಾದರಸ ಐತೆಲ್ಲ ನಿಮ್ಮ ಹತ್ರ, ಅದು ನೀರಿನಂಗ ಇರೂದೂ ಇದಕ್ಕ. ನಿಮ್ಮ ಮೊಬೈಲ್ ದಾರಿ ತೋರಸೂದೂ ಇದರ ಲೆಕ್ಕ ಹಾಕೇ. ಮ್ಯಾಲಿನ ಉಪಗ್ರಹದ ಗಡಿಯಾರಕ್ಕೂ ನಮ್ಮ ಗಡಿಯಾರಕ್ಕೂ ಒಂಚೂರು ಫರಕು ಬೀಳತೈತಿ. ಅದನ್ನ ಸರಿ ಮಾಡಲಿಲ್ಲಂದ್ರ ಒಂದ ದಿನದಾಗ ನಿಮ್ಮ ಅಂಗಡಿನ ಹತ್ತು ಕಿಲೋಮೀಟರ್ ಆಚೆ, ಅಕ್ಕಿಆಲೂರ ಸಮೀಪ ತೋರಸ್ತೈತಿ."

ಊದುಗೊಳವೆ ಕಾಕಾರ ತುಟಿಯಲ್ಲೇ ಇತ್ತು. ಊದುವುದನ್ನು ಮರೆತಿದ್ದರು. ಕೆಂಡ ಬೂದಿಗಟ್ಟಿತು. ಜುಮಕಿ ಆ ದಿನ ಬೆಸೆಯಲಿಲ್ಲ.

ಮುಂದೆ ಪೇಟೆಗೆಲ್ಲ ಅದೇ ಕಾಟ. ಮೂಗುತಿ ತಂದವರಿಗೆ, ಗುಂಡಿನ ಸರ ತಂದವರಿಗೆ, ಬರೀ ಚಿಲ್ಲರೆ ಕೇಳಲು ಬಂದವರಿಗೆ, "ಇದರೊಳಗ ಒಂದು ಓಟ ಐತಿ, ಗೊತ್ತೇನು?" ಎಂದು ಶುರು ಮಾಡುವರು. "ನಾ ಓಡಿದ್ರ ಭಾರ ಇಳೀತೈತಿ, ಅದು ಓಡಿದ್ರ ಭಾರ ಏರತೈತಿ. ಎಂಥಾ ಮಜಾ ನೋಡು!" ಹೇಳಿದ ದಿನಕ್ಕೆ ಕೆಲಸ ಕೊಡದ ಅವರ ಹಳೆಯ ರೋಗಕ್ಕೂ ಅದೇ ಔಷಧಿಯಾಯಿತು. ಒಬ್ಬ ರೈತ ಬಂದು, "ಕಾಕಾ, ಬುಧವಾರ ಅಂದಿದ್ರಿ. ಇದು ಮೂರನೇ ಬುಧವಾರ," ಅಂದ.

"ಕುಂತು ಮಾಡಾಂವಗ ಹೊತ್ತು ಬ್ಯಾರೆ, ನಿಂತು ಕಾಯಾಂವಗ ಹೊತ್ತು ಬ್ಯಾರೆ. ಇದು ಸಿದ್ಧಾಂತ."

"ಆ ಸಿದ್ಧಾಂತ ನನ್ನ ಹೇಣ್ತಿಗೆ ಹೇಳ ಬರ್ರಿ. ಹೊರಗ ಟಂಟಂ ಆಟೋದಾಗ ಕುಂತಾಳ."

ನಾನು ಒಮ್ಮೆ ಬೇಸರದಿಂದಲೇ ಕೇಳಿದೆ: "ಇದನ್ನ ತಿಳ್ಕೊಂಡು ನಿಮಗೇನ ಲಾಭ ಆತ್ರಿ ಕಾಕಾ?" ಅವರು ಕೆಂಡ ಕೆದರಿದರು. "ಐವತ್ತು ವರ್ಷ ಒಬ್ಬಾಕಿ ಕೂಡ ಬಾಳೇವು ಮಾಡಿ, ಆಕಿ ಹೆಸರು ಇವತ್ತ ಗೊತ್ತಾದಂಗ ಆತು ತಂಗಿ," ಅಂದರು. ನಾನು ಎದ್ದು ಅಂಗಡಿಗೆ ಹೋದೆ.

ಆಮೇಲೆ ಅವರ ಕಣ್ಣಿಗೆ ಪೊರೆ ಬಂತು. ಬಹಳ ವರ್ಷಗಳಿಂದ ಬರುತ್ತಲೇ ಇತ್ತಂತೆ. ಕಣ್ಣಿನ ಶಿಬಿರಕ್ಕೆ ಹೆಸರು ಹಚ್ಚಿಸಿದವಳು ನಾನೇ. ಬಲಗಣ್ಣಿನ ಆಪರೇಶನ್ ಆಯಿತು. ಎಡಗಣ್ಣಿಗೆ ಮುಂದಿನ ಸಲ ಬನ್ನಿ ಅಂದರು. ಪಟ್ಟಿ ಬಿಚ್ಚಿದ ಮೇಲೆ ಕಾಕಾ ಕೂಸಿನ ಹಾಗಾದರು. "ತಂಗಿ, ಆಕಾಶ ಇಷ್ಟ ನೀಲಿ ಇತ್ತೇನು? ಯಾರೂ ಹೇಳಲೇ ಇಲ್ಲಲ್ಲ!" ಧೋತರ ಬೆಳ್ಳಗೆ, ಗೋಡೆ ಬೆಳ್ಳಗೆ. ಎರಡು ದಿನದ ಮೇಲೆ ಹಾಲಿನವಳ ಜೊತೆ ಜಗಳ. "ನೀರ ಹಾಕಾಕತ್ತಿ. ಹಾಲು ನೀಲಿ ಹೊಡ್ಯಾಕತ್ತೈತಿ," ಎಂದು ಇವರು. "ನಮ್ಮ ಎಮ್ಮಿ ನಿಮಗಿಂತ ಖರೇ ಐತಿ," ಎಂದು ಅವಳು. ಅವಳು ಆ ಮನೆಗೆ ಹಾಲು ಹಾಕುವುದನ್ನೇ ಬಿಟ್ಟಳು. ನಾವೆಲ್ಲ ನಕ್ಕೆವು. ಮನುಷ್ಯರ ಮುಖ ನೋಡಿ ಎಷ್ಟು ಕೊಡಬಲ್ಲರು ಎಂದು ಹೇಳುವ ನಾನು, ಆ ನೀಲಿ ಹಾಲಿನಲ್ಲಿ ಏನಿದೆ ಎಂದು ನೋಡಲಿಲ್ಲ.

ಅದೇ ತಿಂಗಳು ನಮ್ಮವ್ವ ತೀರಿಕೊಂಡಿದ್ದಳು. ಅವ್ವ ಕೊನೆಯ ವರ್ಷಗಳಲ್ಲಿ ಇದ್ದದ್ದು ನನ್ನ ಅಕ್ಕನ ಹತ್ತಿರ, ಹಿರೇಕೆರೂರು ತಾಲೂಕಿನಲ್ಲಿ, ಅಬಲೂರಿನ ಆಚೆಯ ಒಂದು ಹಳ್ಳಿಯಲ್ಲಿ. ನಾವಿಬ್ಬರೇ ಅಕ್ಕತಂಗಿಯರು. ತಿಂಗಳ ಕಾರ್ಯದ ದಿನ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು, ಅವ್ವನ ಬೋರಮಾಳದ ಸರವನ್ನು ನನ್ನ ಅಂಗೈಗೆ ಹಾಕಿದಳು. ಬಂಗಾರದ ತೆಳು ತಗಡಿನ ಮಣಿ, ಒಳಗೆ ಅರಗು. ಮೂವತ್ತು ವರ್ಷದ ಹಿಂದೆ ಪತ್ತಾರ ಕಾಕಾರೇ ಮಾಡಿದ್ದು.

"ಅವ್ವ ಹೇಳ್ಯಾಳ," ಅಂದಳು ಅಕ್ಕ. "'ಇದು ಸಣ್ಣಾಕಿಗೆ. ಆಕಿ ಬರೇ ಕೊಳ್ಳಾಗ ಮನಿ ಬಿಟ್ಟು ಹ್ವಾದಾಕಿ' ಅಂತ."

ನಾನು ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದೆ. ಮಾರನೆಯ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಕಾಕಾರ ಹತ್ತಿರ ಹೋಗಿ, "ಒಂದು ಸಲ ನೋಡ್ರಿ," ಅಂದೆ. ಯಾಕೆ ಎಂದು ಕೇಳಿದರೆ ಅಭ್ಯಾಸ ಅನ್ನುತ್ತೇನೆ. ಕೈಗೆ ಬಂದ ನೋಟನ್ನು ಬೆಳಕಿಗೆ ಹಿಡಿಯುವವಳು ನಾನು, ಅದು ಯಾರ ಕೈಯಿಂದಲೇ ಬರಲಿ.

ಕಾಕಾ ಒಂದು ಮಣಿಯನ್ನು ಕಲ್ಲಿಗೆ ತಿಕ್ಕಿ ಗೆರೆ ಎಳೆದರು. ಎಡಗಣ್ಣು ಮುಚ್ಚಿ, ಹೊಸ ಬಲಗಣ್ಣಿನಿಂದ ನೋಡಿದರು. ಕಲ್ಲನ್ನು ಬಾಗಿಲ ಬೆಳಕಿಗೆ ತಿರುಗಿಸಿದರು.

"ಇದು ನಾ ಮಾಡಿದ್ದಲ್ಲ ತಂಗಿ."

"ಅಂದ್ರ?"

"ನಿಮ್ಮವ್ವಗ ನಾ ಮಾಡಿಕೊಟ್ಟ ಮಣಿ ಅರಿಷಿಣದಂಗ ಇದ್ವು. ಹ್ವಾದ ವರ್ಷ ಇದೇ ಪ್ಯಾಟ್ಯಾಗ ಆಕಿ ಕೊಳ್ಳಾಗ ನೋಡೇನಿ. ಇವು ಬಿಳಿಚಿಕೊಂಡಾವ. ಬೆಳ್ಳಿ ಕೂಡೇತಿ. ಯಾರೋ ಮಣಿ ಬದಲ ಮಾಡ್ಯಾರ."

ಕಡ್ಡಿಗಳ ಡಬ್ಬಿ ಅವರ ಮೊಣಕಾಲ ಪಕ್ಕದಲ್ಲೇ ಇತ್ತು. ಎರಡನೆಯ ಗೆರೆ ಎಳೆಯಲಿಲ್ಲ. ಗೆರೆಯ ಮೇಲೆ ಪರೀಕ್ಷೆಯ ಆಸಿಡ್ ಹನಿಯೂ ಹಾಕಲಿಲ್ಲ. ತಮ್ಮ ಕೈಯ ಕೆಲಸವನ್ನು ಗುರುತಿಸಲು ಅವರಿಗೆ ಜೋಡಗೆರೆ ಬೇಕಾಗಿರಲಿಲ್ಲ. ಒಂದೇ ಗೆರೆ ಇದೆ ಎಂದು ನನಗೆ ಕಂಡಿತ್ತು. ನಾನು ಕೇಳಲಿಲ್ಲ. ಗಿರಾಕಿ ಮೊದಲೇ ಮನಸ್ಸಿನಲ್ಲಿ ಒಂದು ಬೆಲೆ ಇಟ್ಟುಕೊಂಡು ಬಂದಿದ್ದರೆ ಅಂಗಡಿಯವನ ಮಾತು ಅದಕ್ಕೆ ಹೊಂದಿದಾಗ ಮುಂದೆ ಕೇಳುವುದಿಲ್ಲ. ಅಕ್ಕ ಅವ್ವನನ್ನು ಹತ್ತು ವರ್ಷ ಇಟ್ಟುಕೊಂಡಿದ್ದಳು, ಅದಕ್ಕೇನಾದರೂ ತೆಗೆದುಕೊಂಡೇ ಇರುತ್ತಾಳೆ ಅನ್ನುವ ಬೆಲೆ ನನ್ನ ಮನಸ್ಸಿನಲ್ಲಿ ಮೊದಲೇ ಇತ್ತು.

ಅಲ್ಲೇ ಮೆಟ್ಟಿಲ ಮೇಲೆ ನಿಂತು ಫೋನು ಹಚ್ಚಿದೆ. "ಅಕ್ಕ, ಮಣಿ ಎಲ್ಲಿ ಬದಲಾದ್ವು?" ಅಂದೆ.

"ಕಲ್ಲಿಗೆ ತಿಕ್ಕಿಸಿದ್ಯಾ?"

"ಹೂಂ."

"ಅವ್ವನ್ನ ಕಲ್ಲಿಗೆ ತಿಕ್ಕಿದ್ಯಲ್ಲ," ಅಂದಳು. ಫೋನು ಇಟ್ಟಳು.

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡುವುದಿಲ್ಲ ಎಂದು ಗಾದೆ ಹೇಳುತ್ತಾರೆ. ಕಾಕಾರು ಯಾರ ಅಕ್ಕನದೂ ಒಂದು ಗುಂಜಿಯನ್ನು ಮುಟ್ಟಿದವರಲ್ಲ. ಅಕ್ಕನದನ್ನು ಬಿಡದವಳು ಸೀರೆ ಮಾರುವವಳು.

ಒಂದು ವರ್ಷ ಮಾತಿಲ್ಲ. ಸರ ಅಂಗಡಿಯ ಕಪಾಟಿನಲ್ಲಿ ಬಿದ್ದಿತ್ತು. ಆಮೇಲೆ ಒಂದು ಲಗ್ನದ ಮನೆಯವರ ಜೊತೆ ಹುಬ್ಬಳ್ಳಿಗೆ ಹೋಗುವುದಿತ್ತು. ಆ ಮಣಿಗಳನ್ನು ಕೊಟ್ಟು ಬೇರೆ ಏನಾದರೂ ತಂದರಾಯಿತು, ಕಣ್ಣಿಗೆ ಬೀಳುವುದು ತಪ್ಪಲಿ ಎಂದು ಒಯ್ದೆ. ಅಲ್ಲಿಯ ಅಂಗಡಿಯಲ್ಲಿ ಕಲ್ಲಿಲ್ಲ, ಮಶೀನು. ಸರವನ್ನು ಅದರೊಳಗೆ ಇಟ್ಟು ಮುಚ್ಚಳ ಹಾಕಿದ ಹುಡುಗಿ, "ಚೊಲೋ ಬಂಗಾರ ಐತ್ರಿ ಅಕ್ಕಾರ. ಈಗ ಇಂಥಾ ಕೆಲಸ ಯಾರೂ ಮಾಡೂದಿಲ್ಲ, ಯಾಕ ಕೊಡ್ತೀರಿ?" ಅಂದಳು. ಇನ್ನೊಂದು ಮಣಿ ಇಡಿಸಿದೆ. ಮತ್ತೊಂದು. ಎಲ್ಲವೂ ಅದೇ. ಹಿಂದಿರುಗುವ ಬಸ್ಸಿನಲ್ಲಿ ಲಗ್ನದ ಮನೆಯವರು ನಗುತ್ತ ಮಾತಾಡುತ್ತಿದ್ದರು. ನಾನೂ ಅವರ ಜೊತೆ ಮಾತಾಡಿದೆ. ಬ್ಲೌಸಿಗೆ ಯಾವ ದರ್ಜಿ ಒಳ್ಳೆಯವನು ಎಂದು ಸಲಹೆ ಕೊಟ್ಟೆ. ಒಳಗೆ ಏನೂ ಆಗುತ್ತಿರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚುತ್ತಾರಲ್ಲ, ಆ ತುಟಿಯ ಹಾಗೆ ಇತ್ತು.

ಎರಡು ದಿನ ಬಿಟ್ಟು ಕಾಕಾರ ಅಂಗಡಿಗೆ ಹೋದೆ. ಊರಿಗೆಲ್ಲ ಬುದ್ಧಿ ಹೇಳುವ ನನಗೆ ಹೇಗೆ ಶುರು ಮಾಡಬೇಕೆಂದು ತಿಳಿಯಲಿಲ್ಲ. ಐವತ್ತು ವರ್ಷದ ಕಲ್ಲಿನ ಮಾತು ಸುಳ್ಳಾಯಿತು ಎಂದು ಒಬ್ಬ ಮುದುಕನಿಗೆ ಹೇಗೆ ಹೇಳುವುದು? ಸರವನ್ನು ಅವರ ಮುಂದಿಟ್ಟು, "ಕಾಕಾ, ಜೋಡಗೆರಿ ಎಳೀರಿ," ಅಂದೆ. ಅಷ್ಟೇ.

ಅವರು ನನ್ನ ಮುಖ ನೋಡಿದರು. ಮಣಿಯಿಂದ ಒಂದು ಗೆರೆ ಎಳೆದರು, ಡಬ್ಬಿಯಿಂದ ಕಡ್ಡಿ ತೆಗೆದು ಅದರ ಪಕ್ಕಕ್ಕೆ ಇನ್ನೊಂದು. ಎಡಗಣ್ಣು ಮುಚ್ಚಿ ನೋಡಿದರು. ಆಮೇಲೆ ಬಲಗಣ್ಣು ಮುಚ್ಚಿ, ಹಳೆಯ ಕಣ್ಣಿನಿಂದ ನೋಡಿದರು. ಮತ್ತೆ ಎಡ, ಮತ್ತೆ ಬಲ. ಎಷ್ಟು ಸಲವೋ. ಹೊರಗೆ ಟಂಟಂನವನೊಬ್ಬ ತಿಳವಳ್ಳಿ ತಿಳವಳ್ಳಿ ಎಂದು ಕೂಗುತ್ತಿದ್ದ.

"ಈ ಹೊಸಾ ಕಣ್ಣಿಗೆ ಎರಡೂ ಬಿಳಿಚು," ಅಂದರು ಕೊನೆಗೆ. "ಈ ಹಳೇ ಕಣ್ಣಿಗೆ ಎರಡೂ ಅರಿಷಿಣ. ಯಾವ ಕಣ್ಣಿಲೆ ನೋಡಿದ್ರೂ ಎರಡೂ ಗೆರಿ ಒಂದ." ಕಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡರು. "ಬಂಗಾರ ಬದಲಾಗಿಲ್ಲ ತಂಗಿ. ನಾ ಬದಲಾಗೇನಿ. ನನ್ನ ಕಣ್ಣಾಗ ಹತ್ತು ವರ್ಷದಿಂದ ಅರಿಷಿಣ ಕುಂತಿತ್ತು. ಅದನ್ನ ತಗದ್ರು. ನಾ ಬಂಗಾರದಾಗಿನ ಅರಿಷಿಣ ಯಾರೋ ತಗದಾರ ಅಂತ ತಿಳದೆ."

"ಹೋಗ್ಲಿ ಬಿಡ್ರಿ," ಅಂದೆ.

"ಹೆಂಗ ಹೋಗ್ಲಿ? ಜೋಡಗೆರಿ ಎಳದಿದ್ರ ಯಾವ ಕಣ್ಣಿಲೆ ನೋಡಿದ್ರೂ ಖರೇನ ಹೇಳ್ತಿತ್ತು. ಒಂದ ಗೆರಿ ಎಳದು ನೆನಪಿನ ಕೂಡ ಹೋಲಿಸಿದೆ. ನೆನಪಿಗೂ ಪೊರಿ ಬಂದಿರತೈತಿ ಅನ್ನೂದು ತಿಳೀಲಿಲ್ಲ."

ಮುಂದೆ ಶಿಗ್ಗಾಂವಿಯ ಆ ಮೇಡಂ ಬಂದಾಗ ಈ ಕಥೆಯನ್ನು ಕಾಕಾರೇ ಹೇಳಿಕೊಂಡರು. ಮೇಡಂ, "ಎಲ್ಲಾನೂ ಸಾಪೇಕ್ಷ, ನೋಡಾಂವನ ಮ್ಯಾಲೆ ಐತಿ ಅಂತ ಸಿದ್ಧಾಂತ ಹೇಳ್ತೈತಿ ಅಂದ್ಕೋತಾರರಿ ಮಂದಿ. ಅಷ್ಟ ಅಲ್ಲ. ಯಾರ ಎಲ್ಲಿಂದ ನೋಡಿದ್ರೂ ಬದಲಾಗದ್ದು ಯಾವುದು ಅಂತ ಹುಡುಕಿ ಕೊಡತೈತಿ ಅದು," ಅಂದರು. ಕಾಕಾ ತಲೆಯಾಡಿಸಿದರು. "ನಮ್ಮಪ್ಪಗ ಗೊತ್ತಿತ್ತು," ಅಂದರು.

ಆದರೆ ಅದು ಆಮೇಲಿನ ಮಾತು. ಜೋಡಗೆರೆ ಎಳೆದ ದಿನ ಕಾಕಾ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಎದ್ದೇ ಬಿಟ್ಟರು. "ನಡಿ, ನಿಮ್ಮ ಅಕ್ಕನ ಕಡೆ ಹೋಗೂಣು."

ಚೌಕಾಸಿಯಲ್ಲಿ ನನ್ನದೊಂದು ನಿಯಮ ಇದೆ: ಕೆಟ್ಟುಹೋದ ವ್ಯವಹಾರದಲ್ಲಿ ಮೊದಲ ಮಾತನ್ನು ಮೂರನೆಯವರಿಂದ ಆಡಿಸಬೇಕು. ಸಿಟ್ಟು ಅವರ ಮೇಲೆ ಇಳಿಯುತ್ತದೆ, ನಾವು ಹೋಗುವಷ್ಟರಲ್ಲಿ ನೆಲ ತಣ್ಣಗಿರುತ್ತದೆ. ಎಷ್ಟೋ ಮನೆಗಳಿಗೆ ಈ ಸಲಹೆ ಕೊಟ್ಟಿದ್ದೇನೆ, ಫಲಿಸಿದೆ.

"ಲಗ್ನದ ದಿನಾ ಅದಾವ್ರಿ ಕಾಕಾ, ಅಂಗಡಿ ಬಿಟ್ಟು ಬರಾಕ ಆಗೂದಿಲ್ಲ," ಅಂದೆ. "ನೀವ ಹೋಗಿ ಬರ್ರಿ. ಹಿರ್ಯಾರು, ನಿಮ್ಮ ಮಾತು ಕೇಳ್ತಾಳ. ನಾ ಹಿಂದಿಂದ ಬರ್ತೇನಿ."

ಮಾರನೆಯ ಬೆಳಿಗ್ಗೆ ಕಲ್ಲು, ಕಡ್ಡಿಯ ಡಬ್ಬಿ, ಸರ ಎಲ್ಲ ಒಂದು ಕೈಚೀಲಕ್ಕೆ ಹಾಕಿಕೊಂಡು ಒಬ್ಬರೇ ಹಿರೇಕೆರೂರಿನ ಬಸ್ಸು ಹತ್ತಿದರು. ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ನಡಿಗೆ. ಎಪ್ಪತ್ತು ದಾಟಿದ ಮನುಷ್ಯ. ಸಂಜೆ ಬಂದವರು ಸರವನ್ನು ನನ್ನ ಗಲ್ಲಾಪೆಟ್ಟಿಗೆಯ ಮೇಲಿಟ್ಟರು.

"ಏನಂದ್ಲು?"

"ಉಪ್ಪಿಟ್ಟು ಮಾಡಿದ್ಲು. ಚಾ ಕೊಟ್ಲು. ಮತ್ತೊಂದು ಸಲ ಉಪ್ಪಿಟ್ಟು ಹಾಕಿದ್ಲು."

"ನನ್ನ ಬಗ್ಗೆ?"

"ನಿನ್ನ ಸುದ್ದಿ ತಗೀಲಿಲ್ಲ ತಂಗಿ," ಅಂದರು. ಹೊರಡುತ್ತ, "ಹಿಂದಿಂದ ಹೋಗ್ತೇನಿ ಅಂದಿದ್ದಿ," ಅಂದರು.

ಹೋಗುತ್ತೇನೆ ಅಂದೆ. ಲಗ್ನದ ದಿನಗಳು ಮುಗಿದವು, ಪಂಚಮಿಯ ಸೀರೆ ಬಂದವು. ಪಂಚಮಿ ಮುಗಿಯಿತು, ದೀಪಾವಳಿಯ ಮಾಲು ತರಲು ಹೋಗಬೇಕಾಯಿತು. ಒಂದೆರಡು ಸಲ ಫೋನು ಹಚ್ಚಿದೆ, ಅವಳು ಎತ್ತಲಿಲ್ಲ. ಎತ್ತದಿದ್ದಾಗ ನನಗೆ ಹಗುರಾಯಿತು ಎಂಬುದನ್ನೂ ಬರೆದುಬಿಡುತ್ತೇನೆ.

ಕಾಕಾ ಆಮೇಲೆ ಯಾರ ಬಂಗಾರವನ್ನೂ ಒರೆಗೆ ಹಚ್ಚಲಿಲ್ಲ. ಬೆಸುಗೆ, ಕೊಂಡಿ, ಮೂಗುತಿಯ ತಿರುಪು, ಇಷ್ಟೇ. ಪರೀಕ್ಷೆಗೆ ಬಂದವರನ್ನು, "ಮಶೀನಿಗೆ ಹೋಗ್ರಿ. ಅದಕ್ಕ ಒಂದ ಕಣ್ಣು," ಎಂದು ಕಳಿಸುವರು. ಹಾಲಿನವಳ ಮನೆಗೂ ಹೋಗಿ ಬಂದರು. "ನಿನ್ನ ಎಮ್ಮಿ ಖರೇ ಐತಿ ಯವ್ವಾ," ಅಂದರಂತೆ. ಅವಳು, "ಅದಕ್ಕ ಹೇಳ್ತೇನಿ ಬಿಡ್ರಿ," ಅಂದು ಮರುದಿನದಿಂದ ಹಾಲು ಹಾಕಿದಳು. ಎಲ್ಲ ತಪ್ಪುಗಳಿಗೂ ಅವರೇ ನಡೆದು ಹೋಗುತ್ತಿದ್ದರು. ಅದನ್ನು ನಾನು ನೋಡುತ್ತಿದ್ದೆ.

ಎಡಗಣ್ಣಿನ ಆಪರೇಶನ್ನಿಗೆ ಮತ್ತೆ ಶಿಬಿರ ಬಂತು. ಹೆಸರು ಹಚ್ಚಿಸುತ್ತೇನೆ ಅಂದೆ. ಬೇಡ ಅಂದರು. ಮನೆಯವರು ಹೇಳಿದರು, ಡಾಕ್ಟರು ಹೇಳಿದರು. ನಾನು ನನ್ನ ನಾಲಿಗೆಯನ್ನೆಲ್ಲ ಖರ್ಚು ಮಾಡಿದೆ.

"ಒಂದು ಕಣ್ಣು ಹಳೇದು ಇರ್ಲಿ ತಂಗಿ," ಅಂದರು. "ಎರಡೂ ಹೊಸಾವಾದ್ರ ನಾ ತಪ್ಪಿದ್ದು ನನಗ ಮರತ ಹೋಗತೈತಿ."

ಚಳಿಗಾಲದ ಒಂದು ಬೆಳಿಗ್ಗೆ, ಕೆಂಡ ಹಚ್ಚುವ ಮೊದಲು, ಕೂತ ಜಾಗದಲ್ಲೇ ಗೋಡೆಗೆ ಒರಗಿದವರು ಏಳಲಿಲ್ಲ. ಅದರ ಸುದ್ದಿಯನ್ನೇ ಹಣ್ಣಿನಂಗಡಿಯವನು ತಂದದ್ದು.

ಮೂರನೆಯ ದಿನ ಅವರ ಮನೆಯಲ್ಲಿ ಕೂತಿದ್ದೆ. ಬಂದವರಿಗೆ ಚಹಾ ಕೊಡಿಸುವ ಕೆಲಸ ನನ್ನದಾಗಿತ್ತು. ಬಾಗಿಲಲ್ಲಿ ಒಬ್ಬ ಹೆಂಗಸು ಚಪ್ಪಲಿ ಬಿಡುತ್ತಿದ್ದಳು. ಅಕ್ಕ. ಯಾರು ಹೇಳಿದರೋ ಗೊತ್ತಿಲ್ಲ. ಒಳಗೆ ಹೋಗಿ ಕಾಕಾರ ಹೆಂಡತಿಯ ಪಕ್ಕ ಕೂತು, ಅವರ ಕೈ ಹಿಡಿದುಕೊಂಡು ಅತ್ತಳು. ಒಮ್ಮೆಯಷ್ಟೇ ಕಂಡ ಮನುಷ್ಯನಿಗಾಗಿ ಅಷ್ಟು ಅತ್ತಳು. ಎದ್ದು ಹೊರಬರುವಾಗ ನಾನು ಚಹಾದ ತಾಟು ಹಿಡಿದು ದಾರಿಯಲ್ಲೇ ನಿಂತಿದ್ದೆ. ಅವಳು ಲೋಟ ತೆಗೆದುಕೊಳ್ಳಲಿಲ್ಲ.

"ಆ ಹಿರಿಮನಿಷಾ ಅಷ್ಟ ದೂರ ಬಂದ್ರು," ಅಂದಳು. "ನಮ್ಮ ಕಟ್ಟಿ ಮ್ಯಾಲೆ ಕುಂತು ಕಲ್ಲು ತಗದ್ರು. ಒಂದ ಕಣ್ಣ ಮುಚ್ಚು, ಇನ್ನೊಂದ ಮುಚ್ಚು ಅಂದ್ರು. ಅದೇನೋ ಓಟ ಅಂದ್ರು, ಸಿದ್ಧಾಂತ ಅಂದ್ರು. ನನಗೊಂದೂ ತಿಳೀಲಿಲ್ಲ. ತಪ್ಪಾತವ್ವಾ ಅಂತ ನನ್ನ ಕಾಲಿಗೆ ಕೈ ಹಚ್ಚಾಕ ಬಂದ್ರು."

ಸೆರಗು ಸರಿಮಾಡಿಕೊಂಡಳು.

"ಅವ್ರು ಬಂದ್ರು. ನೀ ಬರಲಿಲ್ಲ."

ಅಷ್ಟು ಹೇಳಿ ಚಪ್ಪಲಿ ಮೆಟ್ಟಿ ಹೊರಟಳು. ನಾನು ತಾಟನ್ನು ಯಾರ ಕೈಗೋ ಕೊಟ್ಟೆ. ಅಂಗಡಿಗೆ ಬೀಗ ಹಾಕಿರಲಿಲ್ಲ, ಬಾಗಿಲು ಮುಂದಕ್ಕೆ ಎಳೆದು ಬಂದಿದ್ದೆ ಅಷ್ಟೇ. ಅವಳ ಹಿಂದೆ ಬಸ್‌ಸ್ಟ್ಯಾಂಡಿನವರೆಗೆ ನಡೆದೆ. ಅವಳು ತಿರುಗಿ ನೋಡಲಿಲ್ಲ. ಹಿರೇಕೆರೂರಿನ ಬಸ್ಸು ನಿಂತಿತ್ತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತು, ಪಕ್ಕದ ಜಾಗದಲ್ಲಿ ತನ್ನ ಚೀಲ ಇಟ್ಟಳು. ನಾನೂ ಹತ್ತಿದೆ. ಅವಳ ಸೀಟಿನ ಹತ್ತಿರ ಕಂಬಿ ಹಿಡಿದು ನಿಂತೆ. ಬಸ್ಸು ಊರು ದಾಟಿತು.

ಕಂಡಕ್ಟರ್ ಬಂದ. "ಆಧಾರ ತಗೀರಿ. ಎಲ್ಲಿಗ್ರಿ?"

ನನಗೆ ಬಾಯಿ ಬರಲಿಲ್ಲ. ಅಕ್ಕ ಕಿಟಕಿಯ ಕಡೆಯಿಂದ ಮುಖ ತಿರುಗಿಸಲಿಲ್ಲ.

"ಹಿರೇಕೆರೂರ," ಅಂದಳು. "ಎರಡು."

ಅವನು ಎರಡು ಚೀಟಿ ಹರಿದು ಅವಳ ಕೈಯಲ್ಲಿಟ್ಟ. ನನ್ನನ್ನು ನೋಡಿ, "ಜಾಗಾ ಐತೆಲ್ರಿ, ಕುಂದರ್ರಿ," ಅಂದ.

ಅಕ್ಕ ಚೀಲ ತೆಗೆಯಲಿಲ್ಲ. ನಾನು ನಿಂತೇ ಹೋದೆ.